ನಾಯಿಗಿಂತ ಒಂದು ಕೂದಲು ದೊಡ್ಡದು

ಎಲ್ಲಕ್ಕೂ ಕಾರಣ ಬಾಬಿ.

ಬಾಬಿ ಎಂದರೆ ರೋಮಿನ ಗಾರ್ಬತೆಲ್ಲಾ ಬಡಾವಣೆಯ ನಮ್ಮ ವಠಾರದ ಬಾಗಿಲು ಕಾಯುವ ಎಲ್ವೀರಾಳ ನಾಯಿ. ಬಾಗಿಲು ಕಾಯುವುದು ಎಲ್ವೀರಾಳ ಕೆಲಸ, ಎಲ್ವೀರಾಳನ್ನು ಕಾಯುವುದು ಬಾಬಿಯ ಕೆಲಸ. ಇಬ್ಬರೂ ಅದನ್ನು ಕೂತಲ್ಲಿಂದ ಏಳದೆ ಮಾಡುತ್ತಿದ್ದರು. ಬಾಬಿಗೆ ಒಂದು ಕಿವಿ ನೆಟ್ಟಗೆ, ಒಂದು ಕಿವಿ ಜೋಲು, ಮೈಬಣ್ಣ ನೆಲ ಒರೆಸಿ ಹಿಂಡಿದ ಬಟ್ಟೆಯದು. ಇಂಥ ನಾಯಿ ಹೋದ ವರ್ಷ ಒಂದು ಹಳದಿ ಪಿಚ್ಚರಿನಲ್ಲಿ ನಟಿಸಿತು. ಕೊಲೆಗಾರನನ್ನು ಕಂಡು ಅದು ಗುರುಗುಟ್ಟಬೇಕಿತ್ತಂತೆ. ಆದರೆ ಆಕಳಿಸಿತು. ಅದೇ ಇನ್ನೂ ಭಯಂಕರವಾಗಿದೆ ಎಂದು ನಿರ್ದೇಶಕರು ಹಾಗೇ ಇಟ್ಟುಕೊಂಡರಂತೆ.

ಹಳದಿ ರಟ್ಟಿನ ಕೊಲೆ ಕಾದಂಬರಿಗಳನ್ನು ಟ್ರಾಮಿನಲ್ಲಿ ನಿಂತುಕೊಂಡೇ ಓದಿ ಮುಗಿಸುವ ಜನ ನಾವು. ಆ ಥರದ ಪಿಚ್ಚರುಗಳಿಗೂ ಅದೇ ಬಣ್ಣದ ಹೆಸರು ಅಂಟಿಕೊಂಡಿತ್ತು. ಕಪ್ಪು ಕೈಗವಸು, ಹೊಳೆಯುವ ಚಾಕು, ಸುರುಳಿ ಮೆಟ್ಟಿಲು, ಮೆಟ್ಟಿಲ ಮೇಲೊಬ್ಬಳು ಚೆಲುವೆ, ಇಷ್ಟಿದ್ದರೆ ಆಯಿತು. ಚೆಲುವೆ ಸಾಯಲೇಬೇಕು. ಕೊಂದವರು ಯಾರೆಂಬುದು ಕೊನೆಯವರೆಗೆ ಗೊತ್ತಾಗಬಾರದು. ಕೊನೆಯಲ್ಲಿ ಗೊತ್ತಾದರೂ ಯಾಕೆ ಕೊಂದರೆಂಬುದು ಗೊತ್ತಾಗಬಾರದು.

ಆ ಚೆಲುವೆಯರೆಲ್ಲ ಸಾಯುವಾಗ ಕೂಗುವ ಕೂಗು ಮಾತ್ರ ದಿರ್ಚೆಯದು.

ದಿರ್ಚೆ ಎರಡನೆಯ ಮಹಡಿಯವಳು, ಟ್ರಾಮ್ ಓಡಿಸುವ ಸೆತ್ತಿಮಿಯೊನ ಹೆಂಡತಿ. ಮೊದಲು ಸ್ಟುಡಿಯೋದಲ್ಲಿ ನಟನಟಿಯರ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಒಂದು ದಿನ ಕಾದ ಇಸ್ತ್ರಿಪೆಟ್ಟಿಗೆ ಕಾಲ ಮೇಲೆ ಬಿತ್ತು. ಪಕ್ಕದ ಕೋಣೆಯಿಂದ ನಿರ್ದೇಶಕ ರಾನಿಯೆರಿ ಓಡಿ ಬಂದ. ಕಾಲು ನೋಡಲಿಲ್ಲ. "ಈಗ ಕೂಗಿದ್ದು ಯಾರು?" ಎಂದು ಕೇಳಿದ. ಅಂದಿನಿಂದ ಅವಳ ಕೆಲಸವೇ ಕೂಗುವುದಾಯಿತು. ನಮ್ಮ ಪಿಚ್ಚರುಗಳನ್ನು ತೆಗೆಯುವಾಗ ಸದ್ದು ಹಿಡಿಯುವ ಪದ್ಧತಿಯಿಲ್ಲ. ಚಿತ್ರ ಮೊದಲು, ಬಾಯಿಗೆ ಮಾತು ಆಮೇಲೆ. ಸ್ವೀಡನ್ನಿನಿಂದ ಬಂದ ಹುಡುಗಿ ಮೆಟ್ಟಿಲ ಮೇಲೆ ಬಾಯಿ ತೆರೆದು ತನ್ನ ಭಾಷೆಯಲ್ಲಿ ಒಂದು, ಎರಡು, ಮೂರು ಎಂದು ಎಣಿಸಿ ಊರಿಗೆ ಹೋಗುತ್ತಾಳೆ. ಆ ತೆರೆದ ಬಾಯಿಗೆ ಪ್ರಾಣ ತುಂಬುವವಳು ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ನಿಂತ ದಿರ್ಚೆ.

ಮನೆಯಲ್ಲಿ ಅವಳು ಎಂದೂ ದನಿ ಏರಿಸಿದವಳಲ್ಲ. ಅತ್ತೆ ಬದುಕಿದ್ದಷ್ಟು ದಿನ ಪಾತ್ರೆ ಕೂಡ ಸದ್ದಾಗದಂತೆ ಇಡುವುದನ್ನು ಕಲಿತಿದ್ದಳು. ಮೈಕಿನ ಮುಂದೆ ನಿಂತಾಗ ಅವಳಿಗೆ ಚಾಕು ನೆನಪಾಗುತ್ತಿರಲಿಲ್ಲ, ಕೊಲೆಗಾರನೂ ನೆನಪಾಗುತ್ತಿರಲಿಲ್ಲ. ಒಂದೊಂದು ಸಲ ಒಂದೊಂದು ನೆನಪಾಗುತ್ತಿತ್ತು. ಶಾಲೆ ಬಿಡಿಸಿದ ದಿನ ಅಪ್ಪ ಪುಸ್ತಕಗಳನ್ನು ಸೌತೆಕಾಯಿ ಮಾರುವವನಿಗೆ ಪೊಟ್ಟಣ ಕಟ್ಟಲು ಕೊಟ್ಟದ್ದು. ಮದುವೆಯ ಫೋಟೋದಲ್ಲಿ ತನ್ನ ಅರ್ಧ ಮುಖ ಚಿಕ್ಕಪ್ಪನ ಟೋಪಿಯ ಹಿಂದೆ ಹೋದದ್ದು. ಭಾನುವಾರ ಎಲ್ಲರ ತಟ್ಟೆಗೂ ಬಡಿಸಿ ಕೂತಾಗ ಸಾರು ತಣ್ಣಗಾಗಿದ್ದದ್ದು. ಅವೆಲ್ಲ ಒಟ್ಟಾಗಿ ಗಂಟಲಿಗೆ ಬರುತ್ತಿದ್ದವು. "ಎಲ್ಲಿಂದ ಬರುತ್ತಮ್ಮಾ ಇದು?" ಎಂದು ರಾನಿಯೆರಿ ಒಮ್ಮೆ ಕೇಳಿದ್ದ. "ಅಡುಗೆಮನೆಯಿಂದ" ಎಂದಿದ್ದಳು. ತಮಾಷೆ ಎಂದುಕೊಂಡು ಅವನು ನಕ್ಕಿದ್ದ.

ತನ್ನ ಪಿಚ್ಚರುಗಳನ್ನು ಅವಳು ಒಂದೂ ನೋಡಿರಲಿಲ್ಲ. ತಾನು ಸಾಯುವುದನ್ನು ತಾನೇ ಟಿಕೆಟ್ ಕೊಂಡು ನೋಡುವುದು ಯಾಕೆ?

ಆ ದಿನ ಬೆಳಿಗ್ಗೆ ಟ್ರಾಮ್ ಮುಷ್ಕರ. ಸೆತ್ತಿಮಿಯೊ ಇನ್ನೂ ಹಾಸಿಗೆಯಲ್ಲಿ ಹೋರಾಡುತ್ತಿದ್ದ. ದಿರ್ಚೆ ಸ್ಟುಡಿಯೋಗೆ ನಡೆದೇ ಹೋಗಬೇಕೆಂದು ಬೇಗ ಇಳಿದು ಬಂದಳು. ಅಂಗಳದಲ್ಲಿ ಎಲ್ವೀರಾ ಬಾಬಿಯ ಮೈ ಬಾಚುತ್ತಿದ್ದಳು. ಪಕ್ಕದಲ್ಲಿ ನಿವೃತ್ತ ಪೊಲೀಸ್ ಜಮಾದಾರ ಬೆನಿಯಾಮಿನೊ ಪೇಪರು ಹರಡಿಕೊಂಡಿದ್ದರು. ವಠಾರದಲ್ಲಿ ಯಾರು ಏನೇ ಹೇಳಿದರೂ ಕೊನೆಯ ತೀರ್ಪು ಅವರದು.

"ದಿರ್ಚೆ, ಕೇಳ್ದ್ಯಾ? ನಿನ್ನೆ ನಮ್ಮ ಬಾಬಿ ಪಿಚ್ಚರ್ ನೋಡ್ಕೊಂಡ್ ಬಂದ್ವಿ" ಎಂದಳು ಎಲ್ವೀರಾ. "ಪಾದ್ರಿಗಳು ನೋಡ್ಬೇಡಿ ಅಂದಿದ್ದಕ್ಕೆ ಜಾಗನೇ ಇರ್ಲಿಲ್ಲ. ಏನ್ ಗೊತ್ತಾ, ಪರದೆ ಮೇಲೆ ಬಾಬಿ ಹೆಸರು ಬಂತು. ಇಷ್ಟ್ ದಪ್ಪ ಅಕ್ಷರ. 'ನಾಯಿ: ಬಾಬಿ.' ಮೈ ಜುಂ ಅಂತು."

"ಚೆನ್ನಾಗಿತ್ತು" ಎಂದರು ಜಮಾದಾರರು. "ಅಮೆರಿಕದವರು ತೆಗೆದಿದ್ದು. ಹೆಸರುಗಳನ್ನೆಲ್ಲ ಓದಿದೆ. ಇಂಥದ್ದು ನಮ್ಮೋರ ಕೈಲಿ ಆಗೋ ಕೆಲಸ ಅಲ್ಲ."

"ಅಷ್ಟು ಜನ ಹೊರಗಿನವರ ಮಧ್ಯೆ ನಮ್ಮ ಬಾಬಿ ಒಬ್ಬನೇ ನಮ್ಮೋನು" ಎಂದು ಎಲ್ವೀರಾ ಬಾಚಣಿಗೆ ಹಿಡಿದ ಕೈಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ನೆನಪಾದವಳಂತೆ ತಲೆ ಎತ್ತಿದಳು. "ನೀನೂ ಅದ್ರಲ್ಲಿ ಏನೋ ಮಾಡಿದ್ಯಲ್ಲ? ನಿನ್ ಹೆಸರು ಬರ್ಲೇ ಇಲ್ವಲ್ಲೇ?"

ಬಾಬಿ ದಿರ್ಚೆಯತ್ತ ನೋಡಿ ಆಕಳಿಸಿತು.

ದಾರಿಯುದ್ದಕ್ಕೂ ಆ ಆಕಳಿಕೆ ಅವಳ ಹಿಂದೆ ಬಂತು. ಬಾಗಿಲ ಮೇಲಿನ ಹಿತ್ತಾಳೆ ಫಲಕದಲ್ಲಿರುವುದು ಸ್ಬಾರ್ದೆಲ್ಲಾ, ಗಂಡನ ಹೆಸರು. ಅಂಚೆಪೆಟ್ಟಿಗೆಯ ಮೇಲೂ ಅದೇ. ಕಟುಕನ ಅಂಗಡಿಯಲ್ಲಿ ಅವಳು 'ಟ್ರಾಮಿನವನ ಹೆಂಡತಿ', ಇಗರ್ಜಿಯಲ್ಲಿ 'ಸೆತ್ತಿಮಿಯೊನವಳು'. ದೀಕ್ಷಾಸ್ನಾನದ ದಿನ ಪಾದ್ರಿ ಒಮ್ಮೆ ಬರೆದ 'ದಿರ್ಚೆ ಪಾಂಪಿಲಿ' ಎಂಬ ಹೆಸರನ್ನು ಆಮೇಲೆ ಯಾರೂ ಎಲ್ಲೂ ಬರೆದಿರಲಿಲ್ಲ. ಹೊರದೇಶದವರಿಗೆ ಜಾಗವಿದೆ, ನಾಯಿಗೆ ಜಾಗವಿದೆ. ಅಷ್ಟು ದೊಡ್ಡ ಪರದೆಯಲ್ಲಿ ಅವಳಿಗೆ ಒಂದು ಗೆರೆ ಇಲ್ಲವೇ?

ಅಂದಿನ ಕೆಲಸ ದೊಡ್ಡದು. ಪಿಚ್ಚರಿನ ಹೆಸರು 'ಹಳೆಯ ಓತಿಕೇತದ ಮೂರನೆಯ ಹಲ್ಲು'. ಹೆಸರಿನಲ್ಲಿ ಒಂದು ಪ್ರಾಣಿ, ಒಂದು ಸಂಖ್ಯೆ ಇರಬೇಕೆಂಬುದು ಆಗಿನ ನಂಬಿಕೆ. ಪಿಚ್ಚರಿನಲ್ಲಿ ಓತಿಕೇತ ಬರುವುದಿಲ್ಲ. ಚೆಲುವೆ ಮಾತ್ರ ಐದನೆಯ ಮಹಡಿಯಿಂದ ಸುರುಳಿ ಮೆಟ್ಟಿಲ ನಡುವಿನ ಬಾವಿಯೊಳಗೆ ಬೀಳುತ್ತಾಳೆ, ಬಹಳ ಹೊತ್ತು ಬೀಳುತ್ತಾಳೆ. ಆ ಕೂಗೊಂದು ಸೇರಿದರೆ ಪಿಚ್ಚರು ಮುಗಿಯಿತು. ಮರುದಿನ ಬೆಳಿಗ್ಗೆ ಅದು ಹಂಚುವವರ ಕೈಗೆ ಹೋಗಬೇಕು.

"ನೆನಪಿದೆ ತಾನೆ, ಮಾತು ಬೇಡ" ಎಂದ ರಾನಿಯೆರಿ ಎಂದಿನಂತೆ. "ಅಯ್ಯೋ, ಅಮ್ಮಾ ಏನೂ ಬೇಡ. ಬರೀ ಕೂಗು. ಮಾತು ಸೇರಿದ್ರೆ ಬೇರೆ ದೇಶಕ್ಕೆ ಮಾರೋಕ್ಕಾಗಲ್ಲ."

"ಹೆಸರು ಹಾಕ್ತೀರಾ?" ಎಂದಳು ದಿರ್ಚೆ.

"ಯಾರ್ದು?"

"ನಂದು. ಪರದೆ ಮೇಲೆ."

ರಾನಿಯೆರಿ ನಕ್ಕ. ಅವಳು ನಗಲಿಲ್ಲ. "ಕೂಗಿಗೆಲ್ಲ ಹೆಸರು ಹಾಕ್ತಾರೇನಮ್ಮಾ? ನಾಳೆ ಬಾಗಿಲು ಕಿರ್ ಅಂದಿದ್ದಕ್ಕೂ ಹಾಕ್ಬೇಕಾಗುತ್ತೆ."

"ಆಕಳಿಕೆಗೆ ಹಾಕಿದ್ರಲ್ಲ."

ಅವನು ಕೂಲಿ ಹೆಚ್ಚಿಸುವೆನೆಂದ. ಬೇಡವೆಂದಳು. ಕಾಫಿ ತರಿಸಿದ. ಕುಡಿದು ಮತ್ತೆ ಬೇಡವೆಂದಳು. ಹಳೆಯ ಪಿಚ್ಚರಿನ ಕೂಗನ್ನು ಕತ್ತರಿಸಿ ಅಂಟಿಸುವೆನೆಂದು ಹೆದರಿಸಿದ.

"ಅಂಟಿಸಿ. ನನ್ನ ಹಳೇ ಕೂಗೆಲ್ಲ ಎರಡನೇ ಮಹಡಿಗೇ ಮುಗಿಯುತ್ತೆ. ಉಳಿದ ಮೂರು ಮಹಡಿ ನಿಮ್ಮ ಹುಡುಗಿ ಸುಮ್ನೆ ಬೀಳ್ಲಿ, ಮೂಟೆ ಥರ."

ಧ್ವನಿಯಂತ್ರದ ಮುಂದೆ ಕೂತಿದ್ದ ನೆಲ್ಲೊ ಕೆಮ್ಮಿ ನಗು ನುಂಗಿಕೊಂಡ. ರಾನಿಯೆರಿಯ ಕಿವಿ ಕೆಂಪಾಯಿತು. "ಹಾಗಾದ್ರೆ ಏನ್ ಮಾಡ್ತೀಯಾ?"

ಅದುವರೆಗೆ ದಿರ್ಚೆ ಯೋಚಿಸಿರಲಿಲ್ಲ. ಅವಳಿಗೆ ಗೊತ್ತಿದ್ದ ಒಂದೇ ಹೋರಾಟದ ಮಾತು ಗಂಡನದು. ಊಟದ ಹೊತ್ತಿಗೆ ವರ್ಷಗಟ್ಟಲೆ ಕೇಳಿದ್ದು.

"ಮುಷ್ಕರ" ಎಂದಳು. ಕೋಟು ಹಾಕಿಕೊಂಡು ಹೊರಟೇಬಿಟ್ಟಳು.

ಬೀದಿಗೆ ಬಂದ ಮೇಲೆ ಗಂಟಲೊಳಗೆ ಒಂದು ವಿಚಿತ್ರ ಹಗುರ ಇತ್ತು. ಕೂಗದೆ ಇರುವುದೂ ಒಂದು ಕೂಗು ಎಂದು ಅವಳಿಗೆ ಈಗಷ್ಟೇ ತಿಳಿದಿತ್ತು.

ಮನೆಯಲ್ಲಿ ಸೆತ್ತಿಮಿಯೊ ಬನಿಯನ್ನಿನಲ್ಲಿ ಕೂತು ತಟ್ಟೆ ಕಾಯುತ್ತಿದ್ದ. ಸುದ್ದಿ ಕೇಳಿ ಅವನ ಮುಖ, ಹಳಿಯ ಮೇಲೆ ಹಸು ಮಲಗಿದ್ದನ್ನು ಕಂಡ ಟ್ರಾಮಿನವನ ಮುಖವಾಯಿತು.

"ಮುಷ್ಕರ ಅಂದ್ರೆ ಹುಡುಗಾಟ ಅಂದ್ಕೊಂಡ್ಯಾ? ಅದಕ್ಕೆ ಸಂಘ ಬೇಕು, ಸಭೆ ಬೇಕು, ಬಾವುಟ ಬೇಕು. ಒಬ್ಬಳೇ ಮಾಡಿದ್ರೆ ಅದನ್ನ ಮುಷ್ಕರ ಅನ್ನಲ್ಲ, ಮುನಿಸು ಅಂತಾರೆ."

"ನೀವು ಮಾಡಿದ್ರೆ ಊರೇ ನಡೆಯುತ್ತೆ, ನಾನು ಮಾಡಿದ್ರೆ ಮುನಿಸಾ?"

"ಇರ್ಲಿ, ಆಮೇಲ್ ಮಾತಾಡೋಣ. ಊಟಕ್ಕೆ ಏನು?"

ದಿರ್ಚೆ ಒಲೆಯ ಮೇಲಿನ ಖಾಲಿ ಪಾತ್ರೆ ನೋಡಿದಳು. ಕೈ ತಾನಾಗಿ ನಲ್ಲಿಯತ್ತ ಹೋಗುತ್ತಿತ್ತು. ಅರ್ಧದಲ್ಲಿ ನಿಲ್ಲಿಸಿದಳು. ಗಂಟಲು ಮುಷ್ಕರ ಹೂಡಿದಾಗ ಕೈಗಳು ಬೆಂಬಲ ಕೊಡದಿದ್ದರೆ ಹೇಗೆ?

"ಬೆಂಬಲದ ಮುಷ್ಕರ" ಎಂದು ಹೇಳಿ, ಮಲಗುವ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಊಟದ ಹೊತ್ತು ಮೀರಿತು. ಸೆತ್ತಿಮಿಯೊ ಒಣ ಬ್ರೆಡ್ಡು ಕಡಿಯುತ್ತ ಅಂಗಳಕ್ಕೆ ಇಳಿದ. ಅವನು ಬ್ರೆಡ್ಡು ಕಡಿಯುವುದನ್ನು ಕಂಡೇ ವಠಾರಕ್ಕೆ ವಿಷಯ ತಿಳಿಯಿತು. ಅಷ್ಟರಲ್ಲಿ ಅಂಗಳದ ಬಾಗಿಲಲ್ಲಿ ಒಂದು ಪುಟ್ಟ ಕಾರು ಬಂದು ನಿಂತಿತು. ಅದರೊಳಗಿಂದ ರಾನಿಯೆರಿ, ಅವನ ಹಿಂದೆ ನೆಲ್ಲೊ, ನೆಲ್ಲೊನ ತೋಳಲ್ಲಿ ಹೊತ್ತೊಯ್ಯುವ ಧ್ವನಿಯಂತ್ರ. ಬೆಳಗಿನಿಂದ ಅವರು ಯಾರ್ಯಾರ ಕೈಲೋ ಕೂಗಿಸಿ ನೋಡಿದ್ದರು. ನಾಟಕದ ನಟಿಯೊಬ್ಬಳು ಕೂಗಿದರೆ ಸತ್ತವಳು ಚಪ್ಪಾಳೆಗೆ ಕಾಯುತ್ತಿದ್ದಾಳೆ ಅನಿಸಿತಂತೆ. ಇನ್ನೊಬ್ಬಳು ಕೆಟಲ್ ಕುದಿದಂತೆ ಶಿಳ್ಳೆ ಹಾಕಿದಳಂತೆ.

"ಅಮ್ಮಾ ದಿರ್ಚೆ" ಎಂದು ರಾನಿಯೆರಿ ಮೇಲಕ್ಕೆ ನೋಡಿ ಕರೆದ. "ಕಿಟಕಿಗಾದ್ರೂ ಬಾ."

ಕಿಟಕಿಯ ಹಲಗೆ ಮುಚ್ಚಿಯೇ ಇತ್ತು.

"ಹಟಮಾರಿ" ಎಂದಳು ಎಲ್ವೀರಾ. ಆಮೇಲೆ ಏಪ್ರನ್ನು ಸರಿಮಾಡಿಕೊಂಡು ಹತ್ತಿರ ಬಂದಳು. "ಅಲ್ಲ ಸ್ವಾಮಿ, ಕೂಗೋದೇನು ಬ್ರಹ್ಮವಿದ್ಯೇನಾ? ಈ ಅಂಗಳದಲ್ಲಿ ಹುಟ್ಟಿದಾಗಿಂದ ನಾನು ಕೂಗ್ತಾನೇ ಇದ್ದೀನಿ. ನಮ್ಮನೇಲಿ ಕಲೆ ಇದೆ. ಬಾಬಿನ ನೋಡಿದ್ದೀರಲ್ಲ."

ರಾನಿಯೆರಿ ಗಡಿಯಾರ ನೋಡಿ ಸರಿ ಎಂದ. ಮೈಕು ಹಿಡಿದರು. ಎಲ್ವೀರಾ ಸೊಂಟಕ್ಕೆ ಕೈಕೊಟ್ಟು, ಕಣ್ಣು ಮುಚ್ಚಿ, "ಅಯ್ಯಯ್ಯೋ ಕೊಲೆಗಡುಕಾ, ನಿನ್ ಮನೆ ಹಾಳಾಗಾ, ಕಾಲು ಒರೆಸ್ಕೊಂಡ್ ಒಳಗ್ ಬಾರೋ" ಎಂದು ಅರಚಿದಳು.

"ಮಾತು ಬೇಡಮ್ಮಾ" ಎಂದ ನೆಲ್ಲೊ.

"ಮಾತಿಲ್ದೆ ಹೆಂಗಪ್ಪಾ ಕೂಗೋದು? ಬೈಯದೇ ಸಾಯೋಕೆ ನಾನೇನು ಸಂತಳಾ?"

ಎರಡನೆಯ ಸಲ ಅವಳು ಮಾತಿಲ್ಲದೆ ಕೂಗಿದಳು. ಮೀನು ಮಾರುವವನು ಬೀದಿಯಿಂದ ಗಾಡಿ ತಿರುಗಿಸಿಕೊಂಡು ಒಳಗೆ ಬಂದ. ದಿನಾ ತನ್ನನ್ನು ಕರೆಯುವ ದನಿಯನ್ನು ಅವನು ಚೆನ್ನಾಗಿ ಬಲ್ಲ.

ಇಷ್ಟು ಹೊತ್ತು ಹೆಂಡತಿಯ ಮುಷ್ಕರವನ್ನು ಮುನಿಸೆನ್ನುತ್ತಿದ್ದ ಸೆತ್ತಿಮಿಯೊ ಈಗ ಬ್ರೆಡ್ಡನ್ನು ಜೇಬಿಗೆ ಹಾಕಿದ. ಹೆಂಡತಿ ಅವನಿಗೆ ಒಗಟು. ಆದರೆ ಮುಷ್ಕರ ನಿರತಳ ಕೆಲಸವನ್ನು ಇನ್ನೊಬ್ಬರು ಮಾಡುವುದೆಂದರೇನೆಂಬುದು ಅವನಿಗೆ ತಾಯಿಯ ಹಾಲಿನೊಂದಿಗೆ ಗೊತ್ತಿತ್ತು.

"ಎಲ್ವೀರಾ" ಎಂದ, ತಣ್ಣಗೆ. "ಮುಷ್ಕರ ಮುರಿಯೋ ಕೆಲಸಕ್ಕೆ ಇಳಿದ್ಯಾ? ಅದೂ ಈ ಅಂಗಳದಲ್ಲಿ?"

ಮೇಲೆ ಹೋಗಿ ಬಾವುಟ ತಂದ. ಆ ದಿನ ಊರ ಟ್ರಾಮಿನವರಿಗೆಲ್ಲ ಬಿಡುವು. ಮೂಲೆಯ ಸಾರಾಯಿ ಅಂಗಡಿಯಿಂದ ಹಲವರು ಗ್ಲಾಸು ಕೆಳಗಿಟ್ಟು ಬಂದರು. ಒಗೆದು ಹಾಕಿದ ಚಾದರಗಳ ನಡುವೆ ಕೆಂಪು ಬಾವುಟ ಏರಿತು. "ದಿರ್ಚೆಯ ಬೇಡಿಕೆ ನಮ್ಮ ಬೇಡಿಕೆ" ಎಂದು ಕೂಗಿದರು. ಬೇಡಿಕೆ ಏನೆಂದು ಹಿಂದಿನ ಸಾಲಿನವರು ಮುಂದಿನವರನ್ನು ಕೇಳಿದರು. ಮುಂದಿನವರು ಪಿಂಚಣಿ ಎಂದರು. ಇದು ಕಾನೂನುಬಾಹಿರ ಸಭೆ ಎಂದು ಜಮಾದಾರರು ಘೋಷಿಸಿ, ಚೆನ್ನಾಗಿ ಕಾಣಲೆಂದು ಕುರ್ಚಿಯನ್ನು ಬಿಸಿಲಿಗೆ ಎಳೆದುಕೊಂಡರು.

ಗದ್ದಲಕ್ಕೆ ಬಾಬಿ ಎದ್ದಿತು. ಏಳುವುದೇ ಅಪರೂಪ. ಎದ್ದದ್ದು ಕತ್ತೆತ್ತಿ ಊಳಿಟ್ಟಿತು. ಉದ್ದ ಊಳು. ಮೊದಲು ತೆಳ್ಳಗೆ, ಆಮೇಲೆ ಇಳಿಯುತ್ತ ಇಳಿಯುತ್ತ ಹೋಗುವ ಊಳು.

ನೆಲ್ಲೊ ರಾನಿಯೆರಿಯ ಮುಖ ನೋಡಿದ. ರಾನಿಯೆರಿ ನೆಲ್ಲೊನ ಮುಖ ನೋಡಿದ.

"ಐದು ಮಹಡಿಗೂ ಸಾಕಾಗುತ್ತೆ" ಎಂದ ನೆಲ್ಲೊ.

"ಮೈಕ್ ಹಿಡಿ" ಎಂದ ರಾನಿಯೆರಿ.

ಆಗ ಎರಡನೆಯ ಮಹಡಿಯ ಕಿಟಕಿ ಧಡಾರನೆ ತೆರೆಯಿತು. ದಿರ್ಚೆ ಹಲಗೆಯ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಎಲ್ವೀರಾ ಕೂಗಿದಾಗ ನಕ್ಕಿದ್ದಳು. ಬಾವುಟ ಏರಿದಾಗ, ಮದುವೆಯಾದ ಇಷ್ಟು ವರ್ಷಕ್ಕೆ ಮೊದಲ ಸಲ, ಗಂಡನ ಬೋಳುತಲೆಯನ್ನು ಹಲಗೆಯ ಸಂದಿನಿಂದ ಪ್ರೀತಿಯಿಂದ ನೋಡಿದ್ದಳು. ನಾಯಿಯ ಊಳು ಮಾತ್ರ ತಡೆಯಲಿಲ್ಲ.

"ನನ್ನ ಸಾವನ್ನ ನಾಯಿ ಕೈಲಿ ಮಾಡಿಸ್ತೀರಾ?" ಎಂದಳು. ಕೂಗಲಿಲ್ಲ. ಮೆಲ್ಲಗೇ ಹೇಳಿದಳು. ಆದರೂ ಅಂಗಳ ತಣ್ಣಗಾಯಿತು. "ಮಾಡಿಸಿ. ಆಮೇಲೆ ಇಡೀ ರೋಮಿಗೆ ನಾನೇ ಹೇಳ್ಕೊಂಡ್ ಬರ್ತೀನಿ, ಆ ಹುಡುಗಿ ಬಾಯಲ್ಲಿ ಬೊಗಳಿದ್ದು ಎಲ್ವೀರಾ ನಾಯಿ ಅಂತ. ಜನ ಹೆದರ್ತಾರೋ ನಗ್ತಾರೋ ನೋಡೋಣ."

ರಾನಿಯೆರಿ ಟೋಪಿ ತೆಗೆದ. ಸಂಜೆಯ ಬಿಸಿಲು ಗೋಡೆ ಹತ್ತುತ್ತಿತ್ತು.

"ಆಯ್ತು" ಎಂದ. "ಹೆಸರು ಹಾಕ್ತೀನಿ."

"ಹೇಗೆ ಹಾಕ್ತೀರಾ?"

"ಹೇಗೆ ಅಂದ್ರೆ?"

"ಗುಂಪಲ್ಲಿ ಬೇಡ. ಒಂದೇ ಹೆಸರು, ಪರದೆ ನಡುವೆ. ನಾಯಿಗೆ ಹಾಕಿದ್ದಕ್ಕಿಂತ ಒಂದು ಕೂದಲು ದೊಡ್ಡದು."

"ಆಯ್ತಮ್ಮಾ, ಒಂದು ಕೂದಲು."

"ಬಾಬಿಯ ಹೆಸರೂ ಇರ್ಬೇಕು" ಎಂದಳು ಎಲ್ವೀರಾ. "ಈ ಪಿಚ್ಚರಲ್ಲೂ ಅವನಿದ್ದಾನೆ."

"ಅದೂ ಇರುತ್ತೆ."

"ಸ್ಬಾರ್ದೆಲ್ಲಾ ಅಂತ ಸೇರಿಸ್ರಿ" ಎಂದ ಸೆತ್ತಿಮಿಯೊ ಬಾವುಟದ ಕೆಳಗಿನಿಂದ.

"ಸ್ಬಾರ್ದೆಲ್ಲಾ ಬಾಗಿಲ ಮೇಲಿದೆ, ಸಾಕು" ಎಂದಳು ದಿರ್ಚೆ. "ಪಾಂಪಿಲಿ. ದಿರ್ಚೆ ಪಾಂಪಿಲಿ."

ರಾನಿಯೆರಿ ಎದೆಯ ಮೇಲೆ ಕೈಯಿಟ್ಟು, ಇಡೀ ವಠಾರದ ಎದುರು, ಸತ್ತ ತಾಯಿಯ ಮೇಲೆ ಆಣೆ ಹಾಕಿದ. ಅವನ ತಾಯಿ ಬದುಕಿದ್ದಾಳೆಂಬುದು ನೆಲ್ಲೊಗೆ ಗೊತ್ತಿತ್ತು. ಅವನು ಬಾಯಿ ಬಿಡಲಿಲ್ಲ. ಆದರೆ ನ್ಯಾಯ ಹೇಳಬೇಕೆಂದರೆ ರಾನಿಯೆರಿ ಕೊಟ್ಟ ಮಾತಿಗೆ ತಪ್ಪುವವನಲ್ಲ.

ಸ್ಟುಡಿಯೋಗೆ ಹೋಗಲು ಹೊತ್ತಿರಲಿಲ್ಲ. ಹೋಗುವುದು ದಿರ್ಚೆಗೆ ಬೇಕಾಗಿಯೂ ಇರಲಿಲ್ಲ. ಮೇಲಿನವರು ಹಗ್ಗ ಕಟ್ಟಿ ಸೊಪ್ಪು ತರಕಾರಿ ಎಳೆದುಕೊಳ್ಳುವ ಬುಟ್ಟಿಯಲ್ಲಿ ಮೈಕು ಮೇಲೇರಿತು, ಬೆಳಗಿನ ಪಾಲಕಿನ ಎರಡು ಎಲೆಗಳ ಸಮೇತ. ಅವಳು ಅದನ್ನು ಕಿಟಕಿಯ ಅಂಚಿಗೆ, ತುಳಸಿಗೆ ಅಣ್ಣತಮ್ಮನಂತಿರುವ ಆ ಬಸಿಲಿಕೊ ಗಿಡದ ಕುಂಡದ ಪಕ್ಕ ಇಟ್ಟುಕೊಂಡಳು. ಟ್ರಾಮಿನವರು ಟೋಪಿ ಕೈಯಲ್ಲಿ ಹಿಡಿದರು. ಮೀನಿನವನು ಗಾಡಿಗೆ ಬ್ರೇಕು ಹಾಕಿದ.

ದಿರ್ಚೆ ಕೂಗಿದಳು.

ಈ ಸಲ ಅವಳಿಗೆ ಶಾಲೆ ನೆನಪಾಗಲಿಲ್ಲ, ತಣ್ಣಗಾದ ಸಾರೂ ನೆನಪಾಗಲಿಲ್ಲ. ತನ್ನ ಹೆಸರು, ಕತ್ತಲಲ್ಲಿ, ಬಿಳಿ ಅಕ್ಷರದಲ್ಲಿ, ಒಂಟಿಯಾಗಿ ನಿಂತಿರುವುದು ಮಾತ್ರ ಕಂಡಿತು. ಆ ಕೂಗು ಪಿಚ್ಚರಿನ ಐದನೆಯ ಮಹಡಿಯಿಂದ ಹೊರಟು ಒಂದೊಂದೇ ಮೆಟ್ಟಿಲು ಮುಟ್ಟಿಕೊಂಡು ನೆಲದವರೆಗೆ ಬಂತು. ನೆಲ ಸಿಕ್ಕಿದ ಮೇಲೂ ಸ್ವಲ್ಪ ಕೆಳಗೆ ಹೋಯಿತು. ಮಾಡಿನ ಪಾರಿವಾಳಗಳೆಲ್ಲ ಒಟ್ಟಿಗೆ ರೆಕ್ಕೆ ಬಡಿದು ಎದ್ದವು. ಜಮಾದಾರರು ಎಂದೋ ಸರ್ಕಾರಕ್ಕೆ ಒಪ್ಪಿಸಿದ ಪಿಸ್ತೂಲಿಗಾಗಿ ಸೊಂಟ ತಡಕಿದರು. ಬಾಬಿ ಎಲ್ವೀರಾಳ ಲಂಗದೊಳಗೆ ನುಗ್ಗಿತು.

"ಬಂತು" ಎಂದ ನೆಲ್ಲೊ, ಯಂತ್ರ ನಿಲ್ಲಿಸಿ. "ಪಾರಿವಾಳ ಸಮೇತ ಬಂತು."

"ಇರ್ಲಿ ಬಿಡು" ಎಂದ ರಾನಿಯೆರಿ.

ದಿರ್ಚೆ ಕಿಟಕಿ ಮುಚ್ಚಿ, ಪಾತ್ರೆಗೆ ನೀರು ತುಂಬಿ ಒಲೆಯ ಮೇಲಿಟ್ಟಳು. ಮುಷ್ಕರ ಗೆದ್ದ ಮೇಲೆ ಕೆಲಸಕ್ಕೆ ಮರಳಬೇಕೆಂಬ ನಿಯಮ ಅವಳಿಗೆ ಗೊತ್ತಿತ್ತು. ಆ ರಾತ್ರಿ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಸೆತ್ತಿಮಿಯೊ ಏನೂ ಅನ್ನದೆ ತಿಂದ.

ಚಳಿಗಾಲಕ್ಕೆ ಓತಿಕೇತ ನಮ್ಮ ಬೀದಿಯ ಚಿತ್ರಮಂದಿರಕ್ಕೆ ಬಂತು. ವಠಾರವೇ ಹೊರಟಿತು. ದಿರ್ಚೆ ಮದುವೆಗಳಿಗೆ ಮಾತ್ರ ತೆಗೆಯುವ ಕಂದು ಕೋಟು ಹಾಕಿಕೊಂಡಳು. ಅವಳಿಗೆ ನಡುಸಾಲಿನ ನಡುಕುರ್ಚಿ ಕೊಟ್ಟರು. ಒಂದು ಕಡೆ ಸೆತ್ತಿಮಿಯೊ, ಇನ್ನೊಂದು ಕಡೆ ಎಲ್ವೀರಾ, ಎಲ್ವೀರಾಳ ಕೋಟಿನೊಳಗೆ ಟಿಕೆಟಿಲ್ಲದ ಬಾಬಿ. ಕನ್ನಡಕ ಮರೆತವರಿಗಾಗಿ ಜಮಾದಾರರು ಹೆಸರುಗಳನ್ನು ಗಟ್ಟಿಯಾಗಿ ಓದುವುದೆಂದು ಮೊದಲೇ ತೀರ್ಮಾನವಾಗಿತ್ತು.

ದೀಪ ಆರಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು.

"ಛಾಯಾಗ್ರಹಣ, ರಾಬರ್ಟ್ ಹಾರ್ಟನ್" ಎಂದು ಜಮಾದಾರರು ಓದಿದರು. "ಧ್ವನಿ, ನೆಡ್ ಕಾರ್ಟರ್."

"ಧ್ವನಿ ನೆಲ್ಲೊದು" ಎಂದಳು ದಿರ್ಚೆ.

"ಶ್" ಎಂದರು ಹಿಂದಿನಿಂದ.

"ನಿರ್ದೇಶನ, ಟೆರೆನ್ಸ್ ರಾಲ್ಸ್ಟನ್. ನೋಡಿದ್ರಾ, ನಾನ್ ಹೇಳ್ಲಿಲ್ವಾ? ಎಲ್ಲ ಅಮೆರಿಕದವರು."

ದಿರ್ಚೆಗೆ ಆಗಲೇ ಅರ್ಥವಾಗತೊಡಗಿತ್ತು. ನಮ್ಮವರು ತೆಗೆದದ್ದೆಂದು ತಿಳಿದರೆ ಪಕ್ಕದ ಬೀದಿಯವರೂ ನೋಡಲು ಬರುವುದಿಲ್ಲ. ಜಮಾದಾರರಂಥ ಜನ ಇಡೀ ದೇಶದ ತುಂಬ ಇದ್ದಾರೆ. ಅವರಿಗಾಗಿ ರಾನಿಯೆರಿ ತನ್ನ ಹೆಸರನ್ನೇ ಬಿಟ್ಟುಕೊಟ್ಟು ಟೆರೆನ್ಸ್ ರಾಲ್ಸ್ಟನ್ ಆಗಿದ್ದ. ಹೆಸರಿದ್ದವರೆಲ್ಲರಿಗೂ ಅವನು ಆ ಮರ್ಯಾದೆ ಮಾಡುತ್ತಿದ್ದ.

ಪರದೆ ಮತ್ತೆ ಕಪ್ಪಾಯಿತು. ಆಮೇಲೆ ನಟ್ಟ ನಡುವೆ, ಒಂಟಿಯಾಗಿ, ದೊಡ್ಡದಾಗಿ, ಕೊಟ್ಟ ಮಾತಿಗೆ ಸರಿಯಾಗಿ ಒಂದು ಹೆಸರು ಬಂತು.

"ಕೂಗು, ಡೆಯ್ಸಿ ಪಾಮರ್" ಎಂದು ಓದಿದರು ಜಮಾದಾರರು.

ಅದರ ಹಿಂದೆ ಒಂದು ಕೂದಲು ಚಿಕ್ಕದಾಗಿ: "ನಾಯಿ, ಬಾಬಿ."

ಎಲ್ವೀರಾ ಚಪ್ಪಾಳೆ ತಟ್ಟಿದಳು. ಬಾಬಿಯ ಹೆಸರನ್ನು ಬದಲಿಸುವ ಅಗತ್ಯವಿರಲಿಲ್ಲ. ಎಷ್ಟೋ ವರ್ಷದ ಹಿಂದೆಯೇ ಎಲ್ವೀರಾ ಅದಕ್ಕೆ ಹೊರದೇಶದ ಹೆಸರಿಟ್ಟಿದ್ದಳು.

ವಠಾರದವರೆಲ್ಲ ದಿರ್ಚೆಯತ್ತ ತಿರುಗಿದರು. ಕತ್ತಲಲ್ಲಿ ಅವರ ಮುಖದ ಕನಿಕರ ಅವಳಿಗೆ ಕಾಣಲಿಲ್ಲ, ತಗುಲಿತು.

"ಕಳ್ಳರು" ಎಂದು ಸೆತ್ತಿಮಿಯೊ ಹಲ್ಲು ಕಡಿದ. "ಮುಷ್ಕರ ಮುರಿಯೋಕೆ ಅಮೆರಿಕದಿಂದ ಕರೆಸಿದ್ದಾರೆ. ನಾಳೆನೇ ನಮ್ಮೋರನ್ನ ಸೇರಿಸ್ತೀನಿ, ತಡಿ."

"ಅದು ನಾನೇ ಕಣ್ರೀ" ಎಂದಳು ದಿರ್ಚೆ.

"ಗೊತ್ತು, ಗೊತ್ತು" ಎಂದು ಅವನು ಅವಳ ಕೈ ತಟ್ಟಿದ. "ಅಲ್ಲಿ ಇರ್ಬೇಕಾಗಿದ್ದು ನೀನೇ."

ಅವಳು ಕಾದಳು. ಮೆಟ್ಟಿಲು ಬರಲಿ, ಕೂಗು ಬರಲಿ. ಆಗ ಗೊತ್ತಾಗುತ್ತದೆ ಎಂದುಕೊಂಡಳು. ಕೈಗವಸು ಬಂತು, ಚಾಕು ಬಂತು, ಬಾಬಿ ಬಂದು ಆಕಳಿಸಿ ಹೋಯಿತು. ಕೊನೆಗೆ ಸ್ವೀಡನ್ನಿನ ಹುಡುಗಿ ಐದನೆಯ ಮಹಡಿಯ ಕಂಬಿ ಬಿಟ್ಟಳು. ಕೂಗು ಸಭಾಂಗಣದ ತುಂಬ ಇಳಿದು ಬಂತು. ಯಾರೋ ಹೆಂಗಸು ದೇವರನ್ನು ನೆನೆದಳು. ಒಬ್ಬ ಗಂಡಸು ಸಿಗರೇಟು ಕೆಳಗೆ ಬೀಳಿಸಿದ. ಮೆಟ್ಟಿಲ ಬಾವಿಯ ತಳದಲ್ಲಿ, ಎಲ್ಲೂ ಹಕ್ಕಿಯಿಲ್ಲದ ಆ ಮನೆಯಲ್ಲಿ, ಪಟಪಟನೆ ರೆಕ್ಕೆಗಳು ಬಡಿದವು.

"ಪಾರಿವಾಳ" ಎಂದಳು ದಿರ್ಚೆ, ಎಲ್ವೀರಾಳ ತೋಳು ಹಿಡಿದು. "ಕೇಳಿಸ್ತಾ? ನಮ್ಮ ಅಂಗಳದ ಪಾರಿವಾಳ."

"ಪಾರಿವಾಳ ಎಲ್ಲಾ ದೇಶದಲ್ಲೂ ಇರ್ತವೆ ತಾಯಿ" ಎಂದರು ಜಮಾದಾರರು.

"ಬೇಜಾರ್ ಮಾಡ್ಕೋಬೇಡ್ವೇ" ಎಂದಳು ಎಲ್ವೀರಾ, ಮೂಗು ಒರೆಸಿಕೊಂಡು. ಅವಳು ನಿಜವಾಗಿ ಅತ್ತಿದ್ದಳು. "ಅವತ್ತು ನೀನೂ ಚೆನ್ನಾಗೇ ಕೂಗಿದ್ದೆ. ಆದ್ರೂ ಅಮೆರಿಕದವಳ ಗಂಟಲೇ ಬೇರೆ."

ದಿರ್ಚೆ ಎದ್ದು ನಿಂತಳು. ಕಂದು ಕೋಟಿನ ಮೇಲಿನ ಗುಂಡಿ ಬಿಚ್ಚಿದಳು. ಕೂಗಿದಳು.

ಪರದೆಯ ಮೇಲೆ ಸತ್ತವಳೂ ಒಂದು ಕ್ಷಣ ಬೆಚ್ಚಿದಂತಾಯಿತು. ಮೇಲಿನ ಕೋಣೆಯಲ್ಲಿ ಯಂತ್ರ ನಿಂತಿತು, ದೀಪ ಹತ್ತಿತು, ಬಾಬಿ ಕೋಟಿನಿಂದ ಹಾರಿ ಎಲ್ಲಿಗೋ ಓಡಿತು. ಎಲ್ಲರೂ ಜಮಾದಾರರತ್ತ ನೋಡಿದರು.

ಜಮಾದಾರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಭೇಷ್" ಎಂದರು. "ಡೆಯ್ಸಿ ಪಾಮರ್ ಕೂಗಿನದ್ದೇ ಅಚ್ಚು. ಇನ್ನೊಂದಿಷ್ಟು ಅಭ್ಯಾಸ ಮಾಡಿದ್ರೆ ಮುಂದೊಂದು ದಿನ ನಿನ್ನ ಹೆಸರೂ ಬರುತ್ತೆ ತಾಯಿ."

ಸಾಲಿನ ತುದಿಯಿಂದ ಟಾರ್ಚು ಹಿಡಿದವನು ಅವಳನ್ನು ಹೊರಗೆ ಹಾಕಲು ಬರುತ್ತಿದ್ದ. ದಿರ್ಚೆ ಕೂರಲಿಲ್ಲ. ಮೈಕಿನ ಮುಂದೆ ನಿಲ್ಲುವಂತೆ ಕಾಲು ಅಗಲಿಸಿ ಊರಿ, ಹೊಟ್ಟೆಯ ತಳದಿಂದ ಉಸಿರು ಎಳೆದುಕೊಳ್ಳತೊಡಗಿದಳು. ಈ ಸ‌ಲದ ಕೂಗಿನಲ್ಲಿ ಮಾತೂ ಇರಲಿತ್ತು. ಯಾವ ದೇಶಕ್ಕೂ ಮಾರಲಾಗದ ಎರಡೇ ಮಾತು: ದಿರ್ಚೆ ಪಾಂಪಿಲಿ.